ಮುಂದಿನ ಕೌಂಟರು

ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ತುಟಿಯ ಬಲ ಮೂಲೆಯಿಂದ ತಾನಾಗಿಯೇ ಸೋರಿ ಎದೆ ತೋಯಿಸಿತು. ನಿದ್ದೆಗಣ್ಣಿನ ಅವಾಂತರ ಅಂದುಕೊಂಡು ಅವಳು ಇನ್ನೊಮ್ಮೆ ಬಾಯಿಗೆ ನೀರು ಹಾಕಿಕೊಂಡಳು. ಅದೂ ಸೋರಿತು. ಒರೆಸಿಕೊಂಡು ಅಡುಗೆಮನೆಗೆ ಬಂದು ಚಹಾಕ್ಕೆ ನೀರಿಟ್ಟು, "ಅತ್ತೆ, ಮಾತ್ರೆ ತಗೊಂಡ್ರಾ?" ಎಂದು ಕೇಳಿದಳು. ಮಾತು ಬಾಯಲ್ಲಿ ನಿಲ್ಲದೆ ಜಾರಿತು.

ಅತ್ತೆ ತಿರುಗಿ ನೋಡಿ ಕೈಲಿದ್ದ ಲೋಟ ಕೆಳಗಿಟ್ಟರು.

"ಇದೇನೇ, ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ?"

"ಹೇಗೆ?"

"ಸೊಟ್ಟಗೆ. ನನ್ನ ಅಣಕಿಸ್ತಿದೀಯೇನೋ ಅಂದ್ಕೊಂಡೆ."

ಅವಳು ಕನ್ನಡಿಯ ಮುಂದೆ ಓಡಿದಳು. ಮುಖದ ಬಲ ಅರ್ಧ ಬೇರೆ ಯಾರದೋ ಆಗಿತ್ತು. ಹುಬ್ಬು ಏಳುತ್ತಿರಲಿಲ್ಲ, ಕಣ್ಣು ಮುಚ್ಚುತ್ತಿರಲಿಲ್ಲ, ಕೆನ್ನೆ ಒಣಗಲು ಹಾಕಿದ ಬಟ್ಟೆಯಂತೆ ಜೋತುಬಿದ್ದಿತ್ತು. ಅವಳ ಕೂಗಿಗೆ ಮಗಳು ಎದ್ದು ಬಂದಳು. ಗಂಡ ಬಸ್ಸಿನ ಡ್ರೈವರ್. ಬೆಳಗಿನ ಪಾಳಿಗೆ ಆಗಲೇ ಹೋಗಿಯಾಗಿತ್ತು. ಮಗಳೇ ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರು ಹುಬ್ಬೇರಿಸಲು ಹೇಳಿದರು, ಕೆನ್ನೆ ಉಬ್ಬಿಸಲು ಹೇಳಿದರು, ಶಿಳ್ಳೆ ಹೊಡೆಯಲು ಹೇಳಿದರು. ಒಂದೂ ಆಗಲಿಲ್ಲ. "ಮುಖದ ನರ ಬಾತಿದೆ. ಜೀವಕ್ಕೇನೂ ತೊಂದರೆ ಇಲ್ಲ" ಎಂದರು. "ಕೆಲವರಿಗೆ ಬೇಗ ವಾಸಿಯಾಗುತ್ತೆ, ಕೆಲವರಿಗೆ ನಿಧಾನ. ಕೆಲವರಿಗೆ ಸ್ವಲ್ಪ ಹಾಗೇ ಉಳ್ಕೊಳ್ಳುತ್ತೆ."

ಮನೆಗೆ ಬಂದು ಮಗಳು ಇದನ್ನು ಒಪ್ಪಿಸಿದಾಗ ಅಜ್ಜಿ ಸೊಪ್ಪು ಬಿಡಿಸುತ್ತಲೇ ಹೇಳಿದರು: "ಜೀವಕ್ಕಿಲ್ಲ ಸರಿ. ಜೀವನಕ್ಕೆ?"

ಅಜ್ಜಿ ಕೇಳಿದ್ದರಲ್ಲಿ ಅರ್ಥವಿತ್ತು. ಸೊಸೆಯ ಮುಖದ ಮೇಲೆ ಆ ಮನೆ ನಡೆಯುತ್ತಿತ್ತು. ಪೇಟೆಬೀದಿಯ ಕನ್ನಡಕದ ಅಂಗಡಿಯಲ್ಲಿ ಮುಂದಿನ ಕೌಂಟರು ಅವಳದು. ಮದುವೆಯಾಗಿ ಬಂದ ಹೊಸದರಲ್ಲೇ ಸೇರಿದ ಕೆಲಸ. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಫ್ರೇಮನ್ನು ಎರಡೂ ಕೈಯಿಂದ ಅವರ ಮುಖಕ್ಕೆ ಏರಿಸಿ, ಒಂದು ಹೆಜ್ಜೆ ಹಿಂದೆ ಸರಿದು ನಗುತ್ತಿದ್ದಳು. ಆ ನಗು ನೋಡಿದ ಮೇಲೆ ಹೆಚ್ಚಿನವರು ಕನ್ನಡಿ ನೋಡಿಕೊಳ್ಳುತ್ತಲೇ ಇರಲಿಲ್ಲ. ಹಣ ಕೊಟ್ಟು ಹೋಗುತ್ತಿದ್ದರು. ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಕನ್ನಡಕದಕ್ಕ.

ಗಂಡ ಸಂಜೆ ಬಂದವನು ಹೆಂಡತಿಯ ಮುಖ ನೋಡಿ ಚಪ್ಪಲಿ ಬಿಡುವುದನ್ನೇ ಮರೆತ.

"ನೋವಿದೆಯಾ?"

"ಇಲ್ಲ."

"ಹಾಗಾದ್ರೆ ಬಿಡು, ಸರಿಹೋಗುತ್ತೆ" ಎಂದು ಹೇಳಿ, ಚಪ್ಪಲಿ ಕಾಲಲ್ಲೇ ಒಳಗೆ ಹೋದ. ತಾಯಿ ಬೈದ ಮೇಲೆ ಹೊರಗೆ ಬಂದು ಬಿಟ್ಟ.

ಆ ದಿನ ಊಟಕ್ಕೆ ಕೂತಾಗ ಬೇಳೆ ಕಲಸಿದ ಅನ್ನ ಅವಳ ಬಲ ಕೆನ್ನೆಯೊಳಗೆ ಸೇರಿಕೊಂಡು ಹೊರಗೆ ಬರಲೇ ಇಲ್ಲ. ಬೆರಳು ಹಾಕಿ ತೆಗೆಯಬೇಕಾಯಿತು. ಗಲ್ಲದಿಂದ ಬೇಳೆ ಸೋರಿತು. ಮಗಳು ಕಣ್ಣು ಬೇರೆಡೆಗೆ ಹೊರಳಿಸಿದಳು. ಮರುದಿನದಿಂದ ಕನ್ನಡಕದಕ್ಕ ಎಲ್ಲರಿಗೂ ಬಡಿಸಿ, ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತು ತಿನ್ನತೊಡಗಿದಳು. ಅದನ್ನು ನೋಡಿದ ಅತ್ತೆ ತಮ್ಮ ತಟ್ಟೆ ಎತ್ತಿಕೊಂಡು ಅಲ್ಲಿಗೇ ಬಂದರು.

"ನೀವ್ಯಾಕತ್ತೆ ಇಲ್ಲಿ?"

"ನನ್ನ ಬಾಯಲ್ಲಿ ಹಲ್ಲಿದೆಯೇನೇ? ನನ್ನ ಬಾಯಿಂದಲೂ ಬೀಳುತ್ತೆ. ಇಷ್ಟು ದಿನ ನಿಮಗೆಲ್ಲ ನೋಡೋಕೆ ಪುರುಸೊತ್ತಿರಲಿಲ್ಲ, ಅಷ್ಟೆ."

ಈ ಅತ್ತೆಯೇ ಇಷ್ಟು ವರ್ಷ, ಸೊಸೆ ಪೌಡರು ಹಾಕಿಕೊಂಡು ಅಂಗಡಿಗೆ ಹೊರಟಾಗಲೆಲ್ಲ "ಹೊರಟಳು ನೋಡು, ನಗು ಮಾರೋಕೆ" ಎನ್ನುತ್ತಿದ್ದವರು. ಈಗ ಬೆಳಿಗ್ಗೆ ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡು ಡಾಕ್ಟರು ಹೇಳಿದ ಕಸರತ್ತು ಮಾಡಿಸತೊಡಗಿದರು.

"ಅಪ್ಪ ಅನ್ನು."

ತುಟಿ ಕೂಡುತ್ತಿರಲಿಲ್ಲ. ಗಾಳಿ ಪುಸ್ಸೆಂದು ಹೊರಗೆ ಹೋಗುತ್ತಿತ್ತು.

"ಅಮ್ಮ ಅನ್ನು. ಅಬ್ಬಬ್ಬ ಅನ್ನು. ನನ್ನ ಮಗನಿಗೆ ಇದನ್ನೆಲ್ಲ ಹೇಳಿಕೊಟ್ಟು ಮುಗಿಸಿದೆ ಅಂದ್ಕೊಂಡಿದ್ದೆ. ಈಗ ಸೊಸೆಗೂ ಹೇಳಿಕೊಡೋ ಯೋಗ."

ಕಣ್ಣು ಮುಚ್ಚದ ಕಾರಣ ಮಲಗುವಾಗ ಹನಿ ಹಾಕಿ ಪಟ್ಟಿ ಅಂಟಿಸಬೇಕಿತ್ತು. "ಒಂದು ಕಣ್ಣು ತೆರೆದೇ ಮಲಗ್ತಾಳೆ, ಇನ್ನು ಈ ಮನೆಗೆ ಕಳ್ಳರ ಭಯ ಇಲ್ಲ" ಎಂದು ಅಜ್ಜಿ ಅಂದಾಗ ಗಂಡನಿಗೂ ಮಗಳಿಗೂ ನಗು ತಡೆಯಲಾಗಲಿಲ್ಲ. ಕನ್ನಡಕದಕ್ಕನೂ ನಕ್ಕಳು. ನಕ್ಕಾಗ ಮುಖ ಇನ್ನಷ್ಟು ಎಡಕ್ಕೆ ಎಳೆದುಕೊಂಡಿತು. ಎಲ್ಲರ ನಗುವೂ ಒಟ್ಟಿಗೇ ನಿಂತುಹೋಯಿತು.

ರಜೆ ಮುಗಿಸಿ ಅವಳು ಅಂಗಡಿಗೆ ಹೋದಳು. ಎಡಗೆನ್ನೆ ಗಿರಾಕಿಯ ಕಡೆಗಿರುವಂತೆ ಓರೆಯಾಗಿ ನಿಂತಳು. ಆದರೆ ಕನ್ನಡಕದ ಅಂಗಡಿಯಲ್ಲಿ ಓರೆಯಾಗಿ ನಿಂತರೇನು ಬಂತು? ಕೌಂಟರಿನ ಮೇಲೆ ಕನ್ನಡಿ, ಹಿಂದೆ ಕನ್ನಡಿ, ಕಂಬಕ್ಕೂ ಕನ್ನಡಿ. ಗಿರಾಕಿ ತನ್ನ ಮುಖ ನೋಡಿಕೊಳ್ಳಲು ಹೋದರೆ ಅದರ ಪಕ್ಕದಲ್ಲೇ ಅವಳದೂ ಕಾಣುತ್ತಿತ್ತು. ಬಂದವರು ಫ್ರೇಮು ನೋಡುವುದು ಬಿಟ್ಟು "ಏನಾಯ್ತಮ್ಮ?" ಎಂದು ಕೇಳುತ್ತಿದ್ದರು. ಅವಳು ಹೇಳುತ್ತಿದ್ದಳು. "ಪಾಪ" ಎನ್ನುತ್ತಿದ್ದರು. "ಇನ್ನೊಂದಿನ ಬರ್ತೀವಿ" ಎನ್ನುತ್ತಿದ್ದರು.

ಅಂಗಡಿಯ ಯಜಮಾನ ಅವಳಿಗಿಂತ ಚಿಕ್ಕವನು. ಅವನ ತಂದೆಯ ಕಾಲದಲ್ಲಿ ಕೆಲಸಕ್ಕೆ ಸೇರಿದವಳು ಅಂತ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಆ ವಾರದ ಕೊನೆಗೆ ಅವಳನ್ನು ಪಕ್ಕಕ್ಕೆ ಕರೆದ.

"ಅಕ್ಕ, ತಪ್ಪು ತಿಳ್ಕೋಬೇಡಿ. ನನಗೇನೂ ಇಲ್ಲ. ಗಿರಾಕಿಗಳಿಗೆ ಸ್ವಲ್ಪ ಮುಜುಗರ."

"ಯಾರು ಹೇಳಿದ್ರು ಯಜಮಾನ್ರೇ?"

"ಯಾರೂ ಬಾಯಿಬಿಟ್ಟು ಹೇಳಲ್ಲ. ಬರೋದು ನಿಲ್ಲಿಸ್ತಾರೆ. ವಾಸಿಯಾಗೋವರೆಗೂ ಒಳಗಿರಿ."

ಒಳಗೆ ಎಂದರೆ ಹಿಂದಿನ ಕೋಣೆ. ಅಲ್ಲಿ ಗಾಜು ಉಜ್ಜುವ ಯಂತ್ರ, ಅದರ ಕರಕರ ಸದ್ದು, ನೆಲದ ತುಂಬ ಬಿಳೀ ರಾಡಿ, ಆ ಸದ್ದಿಗೆ ಅರ್ಧ ಕಿವುಡಾಗಿದ್ದ ಮೇಸ್ತ್ರಿ. ಸಿದ್ಧವಾದ ಕನ್ನಡಕಗಳನ್ನು ಹೊರಗೆ ದಾಟಿಸಲು ಗೋಡೆಯಲ್ಲಿ ಒಂದು ಕಿಂಡಿ. ಉಜ್ಜಿದ ಗಾಜು ತೊಳೆಯುವುದು, ಒರೆಸುವುದು, ಡಬ್ಬಿಗೆ ತುಂಬುವುದು ಅವಳ ಪಾಲಿಗೆ ಬಂತು. ಒಳಗಿನವರಿಗೆ ಒಳಗಿನ ಸಂಬಳ ಎಂಬುದು ತಿಂಗಳ ಕೊನೆಗೆ ಗೊತ್ತಾಯಿತು.

ಅಂದು ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಮಗಳಿಗೆ. ಮನೆಯಲ್ಲಿ ಅವಳನ್ನು ಪುಟ್ಟಿ ಅನ್ನುತ್ತಿದ್ದರು. ಲೆಕ್ಕಪತ್ರದ ಕೋರ್ಸು ಮುಗಿಸಿ ಕೆಲಸಕ್ಕೆ ಅಲೆಯುತ್ತಿದ್ದ ಹುಡುಗಿ.

"ಇದು ಸರೀನಾ ಅಪ್ಪ? ಅಮ್ಮನ ಕೈ ನೆಟ್ಟಗಿದೆ, ಕೆಲಸ ಗೊತ್ತಿದೆ. ಬಾಯಿ ಒಂಚೂರು ವಾಲಿದ್ದಕ್ಕೆ ಒಳಗೆ ತಳ್ಳೋದಾ?"

"ಸರಿ ತಪ್ಪು ಕೇಳೋಕೆ ನಾವ್ಯಾರು? ಅವನ ಅಂಗಡಿ, ಅವನ ಇಷ್ಟ. ಯಾರನ್ನ ಎಲ್ಲಿ ನಿಲ್ಲಿಸ್ಬೇಕು ಅಂತ ಅವನಿಗೆ ಗೊತ್ತು" ಎಂದ ಅಪ್ಪ.

"ಹಾಗಾದ್ರೆ ನಿನ್ನ ಬಸ್ಸಿಗೂ ಚೆಂದ ಇರೋರನ್ನ ಮಾತ್ರ ಹತ್ತಿಸ್ಕೊಳ್ಳೋ" ಎಂದರು ಅಜ್ಜಿ.

"ಬಸ್ಸು ಬೇರೆ, ಅಂಗಡಿ ಬೇರೆ ಅಮ್ಮ. ನನ್ನ ಬೆನ್ನ ಹಿಂದೆ ಕೂತೋರಿಗೆ ನನ್ನ ಕತ್ತಿನ ಹಿಂಭಾಗ ಮಾತ್ರ ಕಾಣೋದು. ಅದಕ್ಕೇ ಇಷ್ಟು ವರ್ಷ ಕೆಲಸ ಉಳಿದಿದೆ."

"ತಮಾಷೆ ಬೇಡ ಅಪ್ಪ. ನಾನು ಲೆಕ್ಕದ ಕೆಲಸಕ್ಕೆ ಅಂತ ಹೋದ್ರೆ 'ನೀನು ನೋಡೋಕೆ ಚೆನ್ನಾಗಿದೀಯ, ಮುಂದೆ ಕೂತ್ಕೋ, ಬಂದವರನ್ನ ಮಾತಾಡಿಸು' ಅಂತಾರೆ. ನನ್ನ ಜೊತೆ ಓದಿದೋಳು, ನನಗಿಂತ ಜಾಣೆ, ಅವಳಿಗೆ ಬಾಗಿಲಲ್ಲೇ ಜಾಗ ಖಾಲಿ ಇಲ್ಲ ಅಂದ್ರು. ಅಂಗಡಿ ಅವರದು ಅಂದಮಾತ್ರಕ್ಕೆ ಹೀಗೆ ಮಾಡ್ಬಹುದಾ? ನೀನೇ ಹೇಳಮ್ಮ."

ಕನ್ನಡಕದಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ತಟ್ಟೆ ಒರೆಸುತ್ತಿದ್ದಳು. "ಅಂಗಡಿ ಅಂದ್ಮೇಲೆ ಹಾಗೇ" ಎಂದಳು.

"ಹಾಗೇ ಅಂದ್ರೆ?"

"ಹಾಗೇ."

"ಹೌದು, ನೀನೂ ಹಾಗೇ ಮಾಡ್ತಿದ್ದೆಯಲ್ಲ" ಪುಟ್ಟಿಯ ದನಿ ಏರಿತು. "ಎರಡನೇ ಕೌಂಟರಿಗೆ ಹುಡುಗೀರು ಕೆಲಸ ಕೇಳ್ಕೊಂಡು ಬಂದಾಗ ಯಜಮಾನ ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಯಾರನ್ನ ತಗೊಳ್ಳೋಣ ಅಂತ ಕೇಳ್ತಿದ್ದ. ನೀನು ಬಂದು ಊಟಕ್ಕೆ ಕೂತು ಹೇಳ್ತಿದ್ದೆ: ಒಬ್ಬಳು ಬಂದಿದ್ಳು, ಮೊದಲು ಅವಳ ಹಲ್ಲು ಒಳಗೆ ಬಂತು, ಆಮೇಲೆ ಅವಳು ಬಂದ್ಳು ಅಂತ. ನಾವೆಲ್ಲ ಬಿದ್ದು ಬಿದ್ದು ನಗ್ತಿದ್ವಿ."

ಕನ್ನಡಕದಕ್ಕ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. ಆಮೇಲೆ, "ಹೌದು. ನೀನು ಎಲ್ಲರಿಗಿಂತ ಜೋರಾಗಿ ನಗ್ತಿದ್ದೆ" ಎಂದು ಒಳಗೆ ಹೋದಳು.

ಕೆಲವು ದಿನ ಕಳೆದ ಮೇಲೆ ಯಜಮಾನ ಹಿಂದಿನ ಕೋಣೆಗೆ ತಾನೇ ಬಂದ. ಯಂತ್ರ ನಿಲ್ಲಿಸಲು ಮೇಸ್ತ್ರಿಗೆ ಸನ್ನೆ ಮಾಡಿದ.

"ಅಕ್ಕ, ಮುಂದಿನ ಕೌಂಟರು ಖಾಲಿ ಬಿಡೋಕಾಗ್ತಿಲ್ಲ. ಹೊರಗಿನವರನ್ನ ತರೋದಕ್ಕಿಂತ ನಿಮ್ಮ ಮಗಳೇ ಬರ್ಲಿ. ಹೋದ ಸಲ ಊಟದ ಡಬ್ಬಿ ತಂದಿದ್ಳಲ್ಲ, ನಿಮ್ಮ ಹಳೇ ಮುಖಾನೇ ತಂದಿಟ್ಟ ಹಾಗಿದೆ. ನಿಮ್ಮ ಜಾಗ ನಿಮ್ಮ ಮನೇಲೇ ಉಳೀಲಿ ಅಂತ ನನ್ನ ಆಸೆ."

"ಅವಳು ಲೆಕ್ಕ ಕಲಿತಿದಾಳೆ."

"ಕಲೀಲಿ ಬಿಡಿ, ಯಾರು ಬೇಡ ಅಂದ್ರು?"

ಪುಟ್ಟಿ ಒಪ್ಪಲಿಲ್ಲ. "ಅಮ್ಮನ್ನ ಇಳಿಸಿದ ಜಾಗದಲ್ಲಿ ನಾನು ಹತ್ತಿ ಕೂರಲ್ಲ" ಎಂದಳು. ಅಪ್ಪ, "ಕೂತ್ಕೊಳ್ಳೋಕೆ ಎಲ್ಲಿ ಬಿಡ್ತಾರೆ, ನಿಂತ್ಕೋಬೇಕು" ಎಂದ. ಒಂದು ಬೆಳಿಗ್ಗೆ ಪುಟ್ಟಿ ನೀರು ತುಂಬಲು ಎದ್ದಾಗ ಅಜ್ಜಿ ಕಿಟಕಿಯ ಹತ್ತಿರ ಕೂತು ತಮ್ಮ ಬಿಪಿ ಮಾತ್ರೆಯನ್ನು ಸೌಟಿನ ಹಿಡಿಯಿಂದ ಕುಟ್ಟಿ ಎರಡು ಹೋಳು ಮಾಡುತ್ತಿದ್ದರು.

"ಅಜ್ಜಿ, ಏನದು?"

"ಪೂರ್ತಿ ತಗೊಂಡ್ರೆ ತಲೆ ಸುತ್ತುತ್ತೆ ಕಣೇ."

"ಸುಳ್ಳು."

"ಸುಳ್ಳೇ. ಏನೀಗ? ನಿಮ್ಮಪ್ಪನಿಗೆ ಹೇಳ್ಬೇಡ."

ಪುಟ್ಟಿ ಅದೇ ವಾರ ಅಂಗಡಿಗೆ ಸೇರಿದಳು.

ಮೊದಮೊದಲು ಫ್ರೇಮಿನ ಕಡ್ಡಿ ಯಾರದೋ ಕಿವಿಗೆ ಚುಚ್ಚಿ ಬೈಸಿಕೊಂಡಳು. ಸಂಜೆ ಮನೆಗೆ ಬರುವ ದಾರಿಯಲ್ಲಿ ಅಮ್ಮ ಹೇಳಿಕೊಡುತ್ತಿದ್ದಳು: "ಕಿವಿ ಕಡೆಯಿಂದ ಶುರು ಮಾಡ್ಬೇಡ. ಮೊದಲು ಮೂಗಿನ ಮೇಲೆ ಕೂರಿಸು, ಆಮೇಲೆ ಕಡ್ಡಿ. ದುಂಡು ಮುಖದೋರಿಗೆ ದುಂಡು ಫ್ರೇಮು ಕೊಡ್ಬೇಡ, ಬೆಲೆ ಮೊದಲು ಹೇಳ್ಬೇಡ." ಪುಟ್ಟಿ ಬೇಗ ಕಲಿತಳು. ಕಿಂಡಿಯ ಈಚೆ ಗಾಜು ಒರೆಸುತ್ತಾ ಕನ್ನಡಕದಕ್ಕ ಮಗಳ ದನಿ ಕೇಳುತ್ತಿದ್ದಳು. "ಇದು ನಿಮಗೇ ಅಂತ ಮಾಡಿದ ಹಾಗಿದೆ ಸಾರ್." ತನ್ನದೇ ಮಾತು, ತನ್ನದೇ ಎಳೆತ, ಕೊನೆಯಲ್ಲಿ ತನ್ನದೇ ಸಣ್ಣ ನಗು. ಮೇಸ್ತ್ರಿ ಅರ್ಧ ಕಿವುಡನಾದರೂ ಒಮ್ಮೆ ತಲೆ ಎತ್ತಿ, "ಅಕ್ಕ, ನೀವು ಹೊರಗೆ ಹೋದ್ರಾ ಅಂದ್ಕೊಂಡೆ" ಎಂದ.

ಮಾತ್ರೆ ಪೂರ್ತಿ ಬಂತು. ಮನೆಯಲ್ಲಿ ಮೊಟ್ಟೆ ಬಂತು. ಅದರ ಜೊತೆಗೆ ಬೇರೆಯವೂ ಬಂದವು. ಪುಟ್ಟಿ ಪಾತ್ರೆ ತೊಳೆಯುವುದನ್ನು ಬಿಟ್ಟಳು.

"ಯಾಕಮ್ಮ, ಕೈಗೇನಾಗಿದೆ?" ಎಂದ ಅಪ್ಪ.

"ಉಗುರು ಹಾಳಾಗುತ್ತೆ. ಗಿರಾಕಿಗಳು ಮೊದಲು ಕೈ ನೋಡ್ತಾರೆ ಅಂತ ಯಜಮಾನ್ರು ಹೇಳಿದಾರೆ."

"ನಿಮ್ಮಮ್ಮ ಅಷ್ಟು ವರ್ಷ ಅದೇ ಕೌಂಟರಲ್ಲಿದ್ಳು. ಪಾತ್ರೆ ಯಾರು ತೊಳೀತಿದ್ರು, ಯಜಮಾನ್ರಾ?"

"ಆಗಿನ ಕಾಲ ಬೇರೆ ಅಪ್ಪ. ಈಗ ಪಕ್ಕದಲ್ಲೇ ಇನ್ನೊಂದು ಅಂಗಡಿ ಆಗಿದೆ. ಅಲ್ಲಿನ ಹುಡುಗೀರನ್ನ ನೋಡಿದೀಯಾ?"

"ನಾನ್ಯಾಕೆ ನೋಡ್ಲಿ?" ಎಂದು ಅಪ್ಪ ಎದ್ದು ಹೋದ. ಪಾತ್ರೆಗಳನ್ನು ಕನ್ನಡಕದಕ್ಕ ತೊಳೆದಳು. ಅಂಗಡಿಯಲ್ಲಿ ದಿನವಿಡೀ ನೀರಿನಲ್ಲಿದ್ದ ಬೆರಳುಗಳು ಮನೆಯಲ್ಲೂ ನೀರಿನಲ್ಲೇ ಇದ್ದವು.

ಪುಟ್ಟಿ ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಹೆಚ್ಚಾಯಿತು. ಅಮ್ಮ ಕಸರತ್ತಿಗೆ ಅಂತ ಅದೇ ಕನ್ನಡಿಗೆ ಬಂದರೆ, "ಒಂದು ನಿಮಿಷ ಅಮ್ಮ" ಎನ್ನುತ್ತಿದ್ದಳು. ಅಮ್ಮ ಹಿಂದೆ ಕಾಯುತ್ತಿದ್ದಳು. ಅಂಗಡಿಗೆ ಜೊತೆಯಾಗಿ ಹೋಗುತ್ತಿದ್ದವರು ಬೇರೆ ಬೇರೆ ಹೋಗತೊಡಗಿದರು. ಹಿಂದಿನ ಕೋಣೆಯವರು ಬೇಗ ಹೋಗಬೇಕಲ್ಲ ಎಂದು ಪುಟ್ಟಿ ಕಾರಣ ಕೊಟ್ಟಳು. ಅದು ಸುಳ್ಳೂ ಆಗಿರಲಿಲ್ಲ.

ಇಷ್ಟರಲ್ಲಿ ನರ ನಿಧಾನವಾಗಿ ಎಚ್ಚರಗೊಂಡಿತು. ಮೊದಲು ಕಣ್ಣು ಮುಚ್ಚಿತು. ಆಮೇಲೆ ಬಾಯಲ್ಲಿ ನೀರು ನಿಂತಿತು. ಒಂದು ಬೆಳಿಗ್ಗೆ ಅತ್ತೆಯ ಎದುರು ಕೂತು ಅವಳು "ಅಪ್ಪ" ಎಂದಳು. ತುಟಿ ಕೂಡಿ ಬಿಟ್ಟು ಪಟ್ಟನೆ ಸದ್ದಾಯಿತು.

"ಇನ್ನೊಂದ್ಸಲ!"

"ಅಪ್ಪ. ಅಮ್ಮ. ಅಬ್ಬಬ್ಬ."

ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ಚಪ್ಪಾಳೆ ತಟ್ಟಿದರು. "ಲೋ, ಬಾರೋ ಇಲ್ಲಿ, ನಿನ್ನ ಹೆಂಡತಿ ಮಾತು ಕಲಿತಳು!" ಡ್ರೈವರ್ ಮುಖಕ್ಕೆ ಸೋಪು ಹಚ್ಚಿಕೊಂಡೇ ಓಡಿಬಂದ. ಆ ದಿನ ಅವಳು ಎಲ್ಲರ ಜೊತೆ ಕೂತು ಉಂಡಳು.

ಆದರೆ ನಗು ಬರಲಿಲ್ಲ. ಸುಮ್ಮನಿದ್ದರೆ ಮುಖ ಮೊದಲಿನದೇ. ನಕ್ಕರೆ ಎಡಗಡೆ ಮಾತ್ರ ಮೇಲೇರಿ ಬಲಗಡೆ ಇದ್ದಲ್ಲೇ ಇರುತ್ತಿತ್ತು. ಇನ್ನು ಅದು ಇಷ್ಟೇ ಇರಬಹುದು ಎಂದರು ಡಾಕ್ಟರು.

"ನಾಳೆ ಯಜಮಾನ್ರನ್ನ ಕೇಳ್ತೀನಿ" ಎಂದಳು ಅವಳು ಊಟದ ಹೊತ್ತಿಗೆ. "ವಾಸಿಯಾಗೋವರೆಗೂ ಅಂತ ತಾನೇ ಹೇಳಿದ್ದು? ಪುಟ್ಟಿ, ನೀನು ಮತ್ತೆ ಲೆಕ್ಕದ ಕೆಲಸ ಹುಡುಕ್ಕೋಬಹುದು."

"ಹೂಂ" ಎಂದಳು ಪುಟ್ಟಿ ಅನ್ನ ಕಲಸುತ್ತಾ.

"ಬೇಕಾದ್ರೆ ಇಬ್ರೂ ಇರಿ, ಎರಡು ಕೌಂಟರು ಇದೆಯಲ್ಲ" ಎಂದ ಅಪ್ಪ.

"ಎರಡನೇದು ಈಗ ಇಲ್ಲ ಅಪ್ಪ. ಅಲ್ಲಿ ದೊಡ್ಡ ಕನ್ನಡಿ ಹಾಕಿದಾರೆ."

ಮರುದಿನ ಅಂಗಡಿ ತೆರೆದು ಗಿರಾಕಿಗಳು ಬರುವ ಮೊದಲು ಅವಳು ಏಪ್ರನ್ ಕಳಚಿ, ಕೈ ಒರೆಸಿಕೊಂಡು, ಮುಂದಕ್ಕೆ ಬಂದಳು. ಯಜಮಾನ ಗಲ್ಲಾದ ಹಿಂದೆ ಕೂತಿದ್ದ. ಪುಟ್ಟಿ ಫ್ರೇಮುಗಳ ಧೂಳು ಒರೆಸುತ್ತಿದ್ದಳು.

"ಯಜಮಾನ್ರೇ, ನನಗೆ ವಾಸಿಯಾಗಿದೆ."

"ಹೌದಾ! ಒಳ್ಳೇದಾಯ್ತು ಅಕ್ಕ. ಬನ್ನಿ, ಇಲ್ಲಿ ಬೆಳಕಿಗೆ ಬನ್ನಿ." ಅವಳು ಕೌಂಟರಿನ ದೀಪದ ಕೆಳಗೆ ನಿಂತಳು. ಅವನು ನೋಡಿದ. "ಚೆನ್ನಾಗಿದೆ. ಗೊತ್ತೇ ಆಗಲ್ಲ. ಒಂದ್ಸಲ ನಗಿ."

ಅವಳು ಒಣಗಿದ ಕೈಯನ್ನೇ ಇನ್ನೊಮ್ಮೆ ಒರೆಸಿಕೊಂಡಳು.

"ನಗಿ ಅಕ್ಕ, ಗಿರಾಕಿ ಮುಂದೆ ನಗ್ತೀರಲ್ಲ, ಹಾಗೆ."

ಅವಳು ನಕ್ಕಳು. ಸುತ್ತಲ ಕನ್ನಡಿಗಳಲ್ಲೆಲ್ಲ ಅದು ಕಾಣಿಸಿತು. ಯಜಮಾನ ಗಲ್ಲಾದ ಮೇಲೆ ಬೆರಳಿನಿಂದ ತಾಳ ಹಾಕಿ, ಪುಟ್ಟಿಯ ಕಡೆ ತಿರುಗಿದ.

"ನಾನು ಹೇಳಿದ್ರೆ ನಿಷ್ಠುರ ಆಗುತ್ತೆ. ನೀನೇ ಹೇಳಮ್ಮ. ನೀನು ಗಿರಾಕಿ ಆಗಿದ್ರೆ ಏನನ್ಸುತ್ತೆ?"

ಪುಟ್ಟಿ ಕೈಲಿದ್ದ ಫ್ರೇಮನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಅಮ್ಮನ ಮುಖ ನೋಡದೆ ಹೇಳಿದಳು: "ಒಳಗೇ ಇದ್ರೆ ಅಮ್ಮನಿಗೂ ಆರಾಮ."

"ನೋಡಿ, ಮಗಳೇ ಹೇಳಿದ ಮೇಲೆ..." ಎಂದ ಯಜಮಾನ.

ಅವಳು ಒಳಗೆ ಹೋಗಿ ಏಪ್ರನ್ ಕಟ್ಟಿಕೊಂಡಳು. ಅಂದಿನ ಗಾಜುಗಳನ್ನೆಲ್ಲ ತೊಳೆದು, ಒರೆಸಿ, ಡಬ್ಬಿಗೆ ತುಂಬಿ ಕಿಂಡಿಯಲ್ಲಿ ದಾಟಿಸಿದಳು. ಸಂಜೆ ಮೇಸ್ತ್ರಿಗೆ "ಬರ್ತೀನಪ್ಪ" ಎಂದು ಎರಡು ಸಲ ಕೂಗಿ ಹೇಳಿ ಹೊರಟಳು.

ಮನೆಯಲ್ಲಿ ಬಡಿಸುವಾಗ, "ನಾಳೆಯಿಂದ ಅಂಗಡಿಗೆ ಹೋಗಲ್ಲ" ಎಂದಳು. ಗಂಡ ಕಾರಣ ಕೇಳಿದ. ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಅವನು ಮಗಳನ್ನು ಕೇಳಿದ. ಪುಟ್ಟಿ ಒಂದೊಂದೇ ಮಾತು ಹೇಳಿದಳು. ಡ್ರೈವರ್ ತಟ್ಟೆ ದೂಡಿ ಎದ್ದ.

"ಹೆತ್ತ ತಾಯಿ ಕಣೇ ಅವಳು! ನಿನ್ನ ಬಾಯಲ್ಲಿ ಅದು ಹೇಗೆ ಬಂತು?"

"ಬೇರೇನು ಹೇಳ್ಬೇಕಿತ್ತು?" ಪುಟ್ಟಿಯೂ ಎದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಅಮ್ಮ ನಕ್ಕಾಗ ನನಗೂ ಹಾಗೇ ಅನ್ನಿಸ್ತು. ಗಿರಾಕಿಗೆ ಅನ್ಸೋ ಹಾಗೇ. ಸುಳ್ಳು ಹೇಳ್ಬೇಕಿತ್ತಾ? ಅವನ ಅಂಗಡಿ, ಅವನ ಇಷ್ಟ ಅಂತ ಹೇಳಿಕೊಟ್ಟೋನು ನೀನೇ ಅಲ್ವಾ ಅಪ್ಪ?"

ಅವನು ಕೈ ಎತ್ತಿದ. ಅಜ್ಜಿ ಕೂತಲ್ಲಿಂದಲೇ ಅವನ ಪಂಚೆಯ ಅಂಚು ಹಿಡಿದೆಳೆದರು. "ಕೂತ್ಕೊಳ್ಳೋ. ಹೊಡೆದ್ರೆ ಕೆನ್ನೆ ಊದುತ್ತೆ. ನಾಳೆ ಅವಳನ್ನೂ ಒಳಗೆ ಹಾಕ್ತಾನೆ."

ಯಾರೂ ನಗಲಿಲ್ಲ.

"ಬಿಡ್ರೀ" ಎಂದಳು ಕನ್ನಡಕದಕ್ಕ. "ಅವಳದೇನು ತಪ್ಪು? ಕೆಲಸ ಚೆನ್ನಾಗಿ ಕಲಿತಿದಾಳೆ." ಹಾಗೆಂದು ಗಂಡ ದೂಡಿದ ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು. ಪುಟ್ಟಿ ಊಟ ಬಿಟ್ಟು ಹೋದಳು. ಅಮ್ಮ ಅವಳನ್ನು ಕರೆಯಲಿಲ್ಲ.

ಪಕ್ಕದ ಮನೆಯ ದಾದಿ ಹೇಳಿದ್ದರಿಂದ ಕನ್ನಡಕದಕ್ಕನಿಗೆ ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ರೋಗಿಗಳಿಗೆ ಗಂಜಿ, ಬೇಯಿಸಿದ ತರಕಾರಿ, ಉಪ್ಪು ಬಿಟ್ಟವರಿಗೆ ಬೇರೆ, ಸಕ್ಕರೆಯವರಿಗೆ ಬೇರೆ. ಕೆಲಸಕ್ಕೆ ತೆಗೆದುಕೊಳ್ಳುವಾಗ ಅಲ್ಲಿನವರು ಅವಳ ಅಂಗೈ ತಿರುಗಿಸಿ ಗಾಯ, ಕಜ್ಜಿ ಇಲ್ಲವೆಂದು ನೋಡಿಕೊಂಡರು. ಮುಖದ ಸುದ್ದಿಗೇ ಹೋಗಲಿಲ್ಲ. ತಲೆಗೆ ಬಟ್ಟೆಯ ಟೊಪ್ಪಿ, ಮುಖಕ್ಕೆ ಮಾಸ್ಕ್, ಮೈಗೆ ನೀಲಿ ಅಂಗಿ. ಎಲ್ಲ ಹೆಂಗಸರೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ದೊಡ್ಡ ಪಾತ್ರೆ ಎತ್ತುವ ಕೆಲಸ. ಸೊಂಟ ಹಿಡಿದುಕೊಳ್ಳುತ್ತಿತ್ತು. ಸಂಬಳ ಗಾಜು ತೊಳೆಯುವುದಕ್ಕಿಂತ ಕಡಿಮೆ.

ಮನೆಯಲ್ಲಿ ತಾಯಿ ಮಗಳ ಮಧ್ಯೆ ಮಾತು ನಿಂತಿರಲಿಲ್ಲ. ಆದರೆ "ಬೀಗ ಎಲ್ಲಿ", "ಹಾಲು ಬಂತಾ" ಎನ್ನುವುದರಾಚೆ ಹೋಗುತ್ತಿರಲಿಲ್ಲ. ಪುಟ್ಟಿ ಸಂಬಳ ಬಂದಾಗ ಅಪ್ಪನ ಕೈಗೆ ಕೊಡುತ್ತಿದ್ದಳು. ಅಪ್ಪ ಅದನ್ನು ತೆಗೆದುಕೊಂಡು, ಮಗಳ ಮುಖ ನೋಡದೆ ಶೆಲ್ಫಿನ ಮೇಲೆ ಇಡುತ್ತಿದ್ದ. ಬಾಡಿಗೆ ಅದರಿಂದಲೇ ಹೋಗುತ್ತಿತ್ತು.

ಒಂದು ರಜೆಯ ದಿನ ಮಧ್ಯಾಹ್ನ ಪುಟ್ಟಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಾ ಕೂತಿದ್ದಾಗ ಅಜ್ಜಿ ಹೇಳಿದರು: "ಎದ್ದು ಹೋಗಿ ನಿಮ್ಮಮ್ಮನ್ನ ಕರ್ಕೊಂಡು ಬಾ."

"ಅಮ್ಮನಿಗೆ ದಾರಿ ಗೊತ್ತು ಅಜ್ಜಿ."

"ಅವಳಿಗೆ ಗೊತ್ತು. ನಿನಗೆ ಮರೆತುಹೋಗಿದೆ. ಹೋಗು."

ಪುಟ್ಟಿ ಆಸ್ಪತ್ರೆಯ ಹಿಂದಿನ ಗೇಟಿನ ಹತ್ತಿರ ನಿಂತಳು. ಪಾಳಿ ಮುಗಿದು ನೀಲಿ ಅಂಗಿಯ ಹೆಂಗಸರು ಗುಂಪುಗುಂಪಾಗಿ ಗೇಟಿನ ಕಡೆ ಬಂದರು. ಪುಟ್ಟಿ ಒಬ್ಬೊಬ್ಬರನ್ನೇ ನೋಡಿದಳು. ಟೊಪ್ಪಿ, ಮಾಸ್ಕ್, ನಡುವೆ ಎರಡು ಕಣ್ಣು. ಎಲ್ಲರ ಕಣ್ಣೂ ದಣಿದಿದ್ದವು. ಕನ್ನಡಕದಕ್ಕ ಆ ಗುಂಪಿನಲ್ಲೇ ಇದ್ದಳು. ಮಗಳನ್ನು ನೋಡಿದಳು. ಮಗಳ ಕಣ್ಣು ತನ್ನ ಮೇಲೆ ಬಂದು, ನಿಲ್ಲದೆ, ಪಕ್ಕದವಳ ಮೇಲೆ ಹೋದದ್ದನ್ನೂ ನೋಡಿದಳು. ಅವಳು ನಿಂತುಬಿಟ್ಟಳು.

ಮುಂದಿದ್ದ ದಪ್ಪ ಹೆಂಗಸು, "ಯಾರಮ್ಮ ಬೇಕು ನಿನಗೆ?" ಎಂದು ಪುಟ್ಟಿಯನ್ನು ಕೇಳಿದಳು.

"ನಮ್ಮಮ್ಮ. ಅಡುಗೆಮನೇಲಿ ಕೆಲಸ ಮಾಡ್ತಾರೆ. ಹೊಸಬರು."

"ಹೊಸಬರು ಬೇಕಾದಷ್ಟು ಜನ ಇದಾರೆ, ಹೆಸರು ಹೇಳಿದ್ರೂ ಗೊತ್ತಾಗಲ್ಲ. ಹೇಗಿರ್ತಾರೆ?"

ಪುಟ್ಟಿ ಬಾಯಿ ತೆರೆದಳು. ತನ್ನ ಬಲಗೆನ್ನೆ ಮುಟ್ಟಿ ತೋರಿಸುತ್ತಾ ಹೇಳಿದಳು: "ಬಾಯಿ... ನಕ್ರೆ ಒಂದು ಕಡೆ ಸ್ವಲ್ಪ ಸೊಟ್ಟ."

ದಪ್ಪ ಹೆಂಗಸು ಗಹಗಹಿಸಿ ನಕ್ಕಳು. "ಇಲ್ಲಿ ಯಾರ ಬಾಯಿ ಯಾರು ನೋಡಿದಾರೆ ತಾಯಿ? ಬೇರೆ ಏನಾದ್ರೂ ಗುರುತು ಹೇಳು. ಏನು ಮಾತಾಡ್ತಾರೆ, ಹೇಗೆ ನಡೀತಾರೆ?"

ಪುಟ್ಟಿ ಯೋಚಿಸುತ್ತಾ ನಿಂತಳು.

"ಬಾ ಪುಟ್ಟಿ, ಹೋಗೋಣ" ಎಂದಳು ಕನ್ನಡಕದಕ್ಕ.

"ಅಯ್ಯೋ, ನೀನೇನಾ!" ಎಂದಳು ದಪ್ಪ ಹೆಂಗಸು. "ಇಂಥ ಮಗಳಿದಾಳೆ ಅಂತ ಒಂದಿನಾನೂ ಹೇಳಲಿಲ್ಲವಲ್ಲೇ!"

ತಾಯಿ ಮಗಳು ಬಸ್ ಸ್ಟಾಪಿನ ಕಡೆ ನಡೆದರು. ಗೇಟು ದಾಟಿದ್ದೇ ತಡ, ಉಳಿದ ಹೆಂಗಸರೆಲ್ಲ ಮಾಸ್ಕ್ ಕಿತ್ತು ಚೀಲಕ್ಕೆ ತುರುಕಿ, ಗಾಳಿ ಎಳೆದುಕೊಂಡು, ಜೋರಾಗಿ ಮಾತಾಡತೊಡಗಿದ್ದರು. ಕನ್ನಡಕದಕ್ಕ ಟೊಪ್ಪಿ ಮಾತ್ರ ತೆಗೆದಳು. ಸೆಕೆಯಿತ್ತು. ಅವಳ ಹಣೆಯಿಂದ ಬೆವರು ಇಳಿದು ಮಾಸ್ಕಿನ ಅಂಚು ಒದ್ದೆಯಾಗಿತ್ತು.

"ಅಮ್ಮ, ಈಗ ತೆಗೀಬಹುದಲ್ಲ" ಎಂದಳು ಪುಟ್ಟಿ.

"ಇರ್ಲಿ. ನಿನ್ನ ಜೊತೆ ಬರ್ತಿದೀನಲ್ಲ" ಎಂದಳು ಅಮ್ಮ.